ಬೇವಿನೆಣ್ಣೆ ಬಾಟಲಿ ಕೆಳಗಿಡಿ, ಮೊದಲು ಎಲೆ ತಿರುವಿ ನೋಡಿ: ಶಿವರಾತ್ರಿಯಿಂದ ಭರಣಿ ಮಳೆವರೆಗಿನ ತಾರಸಿ ತೋಟಕ್ಕೊಂದು ದೋಷ ನಿವಾರಣೆ ಕೈಪಿಡಿ

2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ನಮ್ಮ ತಾರಸಿಯ ಬೀನ್ಸ್ ಗಿಡಗಳಿಗೆ ನಾನು ಹನ್ನೆರಡು ದಿನದಲ್ಲಿ ಮೂರು ಸಲ ಬೇವಿನೆಣ್ಣೆ ಹೊಡೆದೆ. ಆಮೇಲೆ ಹುಳಿ ಮಜ್ಜಿಗೆ. ಅದೂ ಆಗದೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ರುಬ್ಬಿ ಸೋಸಿದ ನೀರು. ಆವತ್ತು ರಾತ್ರಿಯಿಡೀ ನನ್ನ ಕೈ ಉರಿ. ಜಪ್ಪಯ್ಯ ಅಂದರೂ ಗಿಡ ಚೇತರಿಸಿಕೊಳ್ಳಲಿಲ್ಲ. ಎಲೆಯ ಅಂಚು ಕಂದು ಬಣ್ಣಕ್ಕೆ ತಿರುಗಿ, ಸೀದ ಹಪ್ಪಳದ ಹಾಗೆ ಮುರಿದು ಬೀಳುತ್ತಿತ್ತು.

ಆ ವಾರ ಮಂಡ್ಯ ಕಡೆಯಿಂದ ಅತ್ತೆ ಬಂದಿದ್ದರು. ಬಟ್ಟೆ ಒಣಹಾಕೋಕೆ ಮೇಲೆ ಬಂದವರು ಎಲೆಯ ಕಡೆ ನೋಡಲೇ ಇಲ್ಲ. ಬಗ್ಗಿ, ಮಣ್ಣಿನ ಕುಂಡದ ಹೊರಮೈ ಮೇಲೆ ಬೆರಳು ಆಡಿಸಿದರು. ಬೆರಳಿಗೆ ಬಿಳಿ ಪುಡಿ ಅಂಟಿತು. ಅದನ್ನು ನಾಲಿಗೆ ತುದಿಗೆ ಇಟ್ಟು ಪಕ್ಕಕ್ಕೆ ಉಗಿದು, "ರೋಗ ಎಲ್ಲೈತೆ ಕಣವ್ವ? ಚೌಳು ಎದ್ದೈತೆ. ಯಾವ್ ನೀರು ಹಾಕ್ತಿದ್ದೀಯ?" ಅಂದರು.

ಚೌಳು ಅಂದರೆ ಮಣ್ಣಿನ ಮೇಲೆ ಏಳುವ ಉಪ್ಪು. ನಾಲೆ ನೀರಿನ ಗದ್ದೆಗಳಲ್ಲಿ ಅದನ್ನು ನೋಡಿ ಬೆಳೆದವರು ಅವರು. ನಾನು ಸ್ಪ್ರೇ ಬಾಟಲಿ ಹಿಡಿದುಕೊಂಡೇ ನಿಂತಿದ್ದೆ.

ಅಲ್ಲಿಂದ ಈಚೆಗೆ ಗಿಡಕ್ಕೆ ಏನಾದರೂ ಆದರೆ ನಾನು ಒಂದು ಕ್ರಮದಲ್ಲಿ ನೋಡುತ್ತೇನೆ. ಮೊದಲು ನೀರು, ಆಮೇಲೆ ಬಿಸಿಲು, ಆಮೇಲೆ ಬೇರು, ಕೊನೆಗೆ ಹುಳ. ಔಷಧಿ ಅಂಗಡಿಗೆ ಹೋದರೆ ಇದೇ ಕ್ರಮ ತಲೆಕೆಳಗಾಗಿರುತ್ತದೆ. ಶಿವರಾತ್ರಿಗೆ ಚಳಿ 'ಶಿವಶಿವಾ' ಅಂತ ಹೋದ ಮೇಲೆ, ಮೊದಲ ದೊಡ್ಡ ಮಳೆ ಬರುವ ತನಕ ತಾರಸಿ ಮೇಲೆ ಕಾಣುವ ತೊಂದರೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ರೋಗವೇ ಅಲ್ಲ. ಇದು ನನ್ನ ಲೆಕ್ಕ, ನಿಮ್ಮ ತಾರಸಿಯಲ್ಲಿ ಸ್ವಲ್ಪ ಬೇರೆ ಇರಬಹುದು.

ಏನನ್ನೂ ಹೊಡೆಯುವ ಮೊದಲು

ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

ತೊಂದರೆ ಹಳೇ ಎಲೆಯಲ್ಲಾ, ಹೊಸ ಎಲೆಯಲ್ಲಾ? ಬುಡದ ಹಳೇ ಎಲೆಗಳು ಪೂರ್ತಿ ಹಳದಿಯಾಗಿ, ತುದಿ ಹಸಿರಾಗೇ ಇದ್ದರೆ ಸಾರಜನಕದ ಕೊರತೆ. ಒಂದೆರಡು ಹಿಡಿ ಎರೆಹುಳು ಗೊಬ್ಬರ, ಸ್ವಲ್ಪ ಕಡಲೆಕಾಯಿ ಹಿಂಡಿ ನೆನೆಸಿದ ನೀರು ಕೊಟ್ಟರೆ ಸಾಕು. ತುದಿಯ ಹೊಸ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಕಬ್ಬಿಣ ಸಿಗುತ್ತಿಲ್ಲ ಅಂತ ಅರ್ಥ. ಮಣ್ಣಿನಲ್ಲಿ ಕಬ್ಬಿಣ ಇದ್ದೇ ಇರುತ್ತದೆ, ಆದರೆ ಬೋರ್‌ವೆಲ್‌ನ ಗಡಸು ನೀರು ಹಾಕಿ ಹಾಕಿ ಮಣ್ಣು ಕ್ಷಾರವಾದಾಗ ಬೇರಿಗೆ ಅದನ್ನು ಹೀರೋಕೆ ಆಗಲ್ಲ. ಇಲ್ಲಿ ಗೊಬ್ಬರ ಸುರಿದರೆ ದುಡ್ಡು ದಂಡ.

ಒಂದು ಜಾತಿಯ ಗಿಡಕ್ಕಾ, ಎಲ್ಲದಕ್ಕೂನಾ? ಹುಳಕ್ಕೂ ರೋಗಕ್ಕೂ ತಮ್ಮ ತಮ್ಮ ಇಷ್ಟದ ಗಿಡ ಇರುತ್ತದೆ. ಬೀನ್ಸ್, ಬದನೆ, ಪಾಲಕ್ ಮೂರೂ ಒಂದೇ ವಾರದಲ್ಲಿ ಮುಖ ಬಾಡಿಸಿಕೊಂಡರೆ ಕಾರಣ ಅವುಗಳಿಗೆ ಸಮಾನವಾದದ್ದು: ನೀರು, ಬಿಸಿಲು, ಇಲ್ಲವೇ ನೀವು ಹೊಸದಾಗಿ ತಂದ ಮಣ್ಣಿನ ಮಿಶ್ರಣ.

ಎಲೆಯ ಹಿಂಭಾಗದಲ್ಲಿ ಏನಿದೆ? ಇದಕ್ಕೆ ಬೆಳಗ್ಗೆ ಏಳು ಗಂಟೆ ಒಳ್ಳೇ ಹೊತ್ತು. ಆಗ ಬಿಳಿ ನೊಣಕ್ಕೆ ಇನ್ನೂ ಮೈ ಬಿಸಿಯಾಗಿರಲ್ಲ, ಹಾರಿ ತಪ್ಪಿಸಿಕೊಳ್ಳಲ್ಲ.

ಹದಿನೈದು ದಿನದಲ್ಲಿ ಏನು ಬದಲಾಯಿಸಿದಿರಿ? ನಾನು ಅಡುಗೆಮನೆ ಕ್ಯಾಲೆಂಡರಿನಲ್ಲೇ ಬರೆದಿಡುತ್ತೇನೆ. ಹಾಲಿನ ಲೆಕ್ಕದ ಪಕ್ಕದಲ್ಲೇ 'ಟ್ಯಾಂಕರ್ ಶುರು', 'ಟೊಮೆಟೊಗೆ ಹಿಂಡಿ' ಅಂತ. ಬೀನ್ಸ್ ಗುಟ್ಟು ರಟ್ಟಾಗಿದ್ದು ಆ ಕ್ಯಾಲೆಂಡರಿನಿಂದಲೇ.

ಎಲೆ ಅಂಚು ಸುಟ್ಟ ಹಾಗಿದ್ದರೆ

ಆ ವರ್ಷ ಬೆಂಗಳೂರಿನಲ್ಲಿ ನೀರಿನ ಪಾಡು ಎಲ್ಲರಿಗೂ ನೆನಪಿರಬೇಕು. ಶಿವರಾತ್ರಿ ಆಸುಪಾಸಿನಲ್ಲಿ ಜಲಮಂಡಳಿಯ ಆದೇಶ ಬಂತು. ಕುಡಿಯುವ ನೀರನ್ನು ಕಾರು ತೊಳೆಯೋಕೆ, ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ. ನ್ಯಾಯವಾದ ಮಾತೇ. ಹಾಗಾಗಿ ನಾನು ಆರ್‌ಒ ಫಿಲ್ಟರಿನ ವೇಸ್ಟ್ ನೀರನ್ನೆಲ್ಲ ಬಕೆಟ್ಟಿಗೆ ಹಿಡಿದು ಗಿಡಕ್ಕೆ ಹಾಕೋಕೆ ಶುರು ಮಾಡಿದೆ. ನಾಲ್ಕು ಜನರಿಗೆ ಹೇಳಿಕೊಂಡು ಬೀಗಿದ್ದೂ ಆಯಿತು.

ಫಿಲ್ಟರ್ ಏನು ಮಾಡುತ್ತದೆ ಅಂತ ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು. ಒಳಗೆ ಬಂದ ನೀರಿನ ಉಪ್ಪನ್ನೆಲ್ಲ ಅದು ವೇಸ್ಟ್ ಪೈಪಿಗೆ ತಳ್ಳುತ್ತದೆ. ನಮ್ಮ ಸಂಪಿನ ಟ್ಯಾಂಕರ್ ನೀರಿನ ಟಿಡಿಎಸ್, ಅಂದರೆ ಒಂದು ಲೀಟರಿನಲ್ಲಿ ಕರಗಿರುವ ಉಪ್ಪು, ಖನಿಜಗಳ ಮಿಲಿಗ್ರಾಂ ಲೆಕ್ಕ, 820 ಇತ್ತು. ಫಿಲ್ಟರಿನಿಂದ ಹೊರಬಿದ್ದ ನೀರು 1,360. ಸಾಮಾನ್ಯವಾಗಿ 450ರ ಒಳಗಿನ ನೀರು ಯಾವ ಬೆಳೆಗೂ ತೊಂದರೆ ಕೊಡಲ್ಲ. ಅಲ್ಲಿಂದ ಮೇಲೆ ಹೋದ ಹಾಗೆ ನಾಜೂಕಿನ ಗಿಡಗಳು ಒಂದೊಂದಾಗಿ ಮುನಿಸಿಕೊಳ್ಳುತ್ತವೆ. 2,000 ದಾಟಿದರೆ ಬಹಳಷ್ಟು ತರಕಾರಿಗೆ ಅದು ನೀರೇ ಅಲ್ಲ. ಟಿಡಿಎಸ್ ಮೀಟರ್ ಪೆನ್ನಿನಷ್ಟು ದಪ್ಪ ಇರುತ್ತದೆ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ತಾರಸಿ ತೋಟಕ್ಕೆ ನಾನು ಕೊಂಡ ಸಾಮಾನಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ.

ಬೀನ್ಸ್ ಮೊದಲು ಸಾಯೋಕೂ ಕಾರಣ ಇದೆ. ತರಕಾರಿಗಳಲ್ಲಿ ಉಪ್ಪನ್ನು ತೀರಾ ಕಡಿಮೆ ತಡೆಯುವ ಗಿಡಗಳಲ್ಲಿ ಅದೂ ಒಂದು. ಪಕ್ಕದಲ್ಲೇ ಇದ್ದ ಪಾಲಕ್, ಬೀಟ್‌ರೂಟ್ ಅದೇ ನೀರು ಕುಡಿದು ಆರಾಮಾಗಿದ್ದವು. ಆದ್ದರಿಂದ ನೀವು ಎಲ್ಲ ಕುಂಡಕ್ಕೂ ಒಂದೇ ನೀರು ಹಾಕುತ್ತಿದ್ದು, ಬೀನ್ಸ್ ಎಲೆ ಅಂಚು ಮಾತ್ರ ಸುಡುತ್ತಿದ್ದರೆ 'ಬೀನ್ಸ್ ರೋಗ' ಅಂತ ಹುಡುಕಬೇಡಿ. ಕುಂಡದ ಹೊರಮೈ, ಮಣ್ಣಿನ ಮೇಲ್ಪದರ ನೋಡಿ. ಬಿಳಿ ಪೊರೆ ಕಟ್ಟಿದೆಯಾ? ತಟ್ಟೆಯಲ್ಲಿ ಇಳಿದ ನೀರಿಗೆ ಮೀಟರ್ ಅದ್ದಿ. ನಾಲಿಗೆಗೆ ಇಡೋದು ಅತ್ತೆಯ ಪದ್ಧತಿ. ಕೊಟ್ಟಿಗೆ ಗೊಬ್ಬರ ಹಾಕಿದ ಕುಂಡದಲ್ಲಿ ಅದು ಬೇಡ.

ಹೊಸ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತಂದ ಮೇಲೆ ಇದೇ ಲಕ್ಷಣ ಕಂಡರೆ ಅನುಮಾನ ಅದರ ಮೇಲೂ ಇರಲಿ. ತೊಳೆಯದ ಕೊಕೊಪೀಟ್‌ನಲ್ಲಿ ಉಪ್ಪು ಜಾಸ್ತಿ. ಇಟ್ಟಿಗೆಯ ಹಾಗೆ ಒತ್ತಿ ಮಾರುವ ಆ ಪುಡಿಯನ್ನು ನೆನೆಸಿ, ಹಿಂಡಿ, ಆ ಕಂದು ನೀರು ಚೆಲ್ಲಿ, ಎರಡು ಮೂರು ಸಲ ತೊಳೆದೇ ಬಳಸಿ.

ಪರಿಹಾರ ಅಂದರೆ ಉಪ್ಪನ್ನು ತಳದಿಂದ ಹೊರಗೆ ಓಡಿಸೋದು. ಕುಂಡದ ಗಾತ್ರಕ್ಕಿಂತ ಜಾಸ್ತಿ ಸಿಹಿನೀರನ್ನು ನಿಧಾನವಾಗಿ ಸುರಿದು ತಳದಿಂದ ಹರಿಯಲು ಬಿಡಬೇಕು. ಆ ಬೇಸಿಗೆಯಲ್ಲಿ ಅಷ್ಟು ನೀರು ಎಲ್ಲಿಂದ ತರೋದು? ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಬೀನ್ಸ್‌ಗೆ ಮೀಸಲಿಟ್ಟೆ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪೇ ಇರಲ್ಲ, ಮೀಟರ್ ಹೆಚ್ಚು ಕಡಿಮೆ ಸೊನ್ನೆ ತೋರಿಸುತ್ತದೆ. ನಮ್ಮ ಮನೆಯಲ್ಲಿ ಎಸಿ ಇಲ್ಲ, ಕೆಳಗಿನ ಬಾಡಿಗೆ ಮನೆಯವರ ಪೈಪಿಗೆ ಬಕೆಟ್ ಇಟ್ಟೆ. ಆರ್‌ಒ ನೀರು ನೆಲ ಒರೆಸೋಕೆ, ಬಾತ್‌ರೂಮಿಗೆ ಹೋಯಿತು. ಆರು ಕುಂಡದಲ್ಲಿ ನಾಲ್ಕು ಗಿಡ ಉಳಿದವು. ಸುಟ್ಟ ಎಲೆ ಮತ್ತೆ ಹಸಿರಾಗಲ್ಲ. ಹೊಸ ಎಲೆಯ ಅಂಚು ಸ್ವಚ್ಛವಾಗಿ ಬಂದರೆ ಗೆದ್ದಿರಿ ಅಂತ ಲೆಕ್ಕ.

ಗಿಡ ಜೋತು ಬಿದ್ದರೆ

ಮಧ್ಯಾಹ್ನ ಎರಡು ಗಂಟೆಗೆ ಸೋರೆ, ಕುಂಬಳದ ಎಲೆ ಜೋತು ಬಿದ್ದಿದ್ದನ್ನು ಕಂಡು ನೀರು ಸುರಿಯೋಕೆ ಓಡಬೇಡಿ. ಸಂಜೆ ತಲೆ ಎತ್ತಿದರೆ ಅದು ಗಿಡದ ಮಧ್ಯಾಹ್ನದ ನಿದ್ದೆ ಅಷ್ಟೇ. ಬೆಳಗ್ಗೆ ಏಳಕ್ಕೂ ಬಾಡಿಯೇ ಇದ್ದರೆ ಆಗ ಚಿಂತೆ ಮಾಡಿ. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ. ಒಣಗಿದ್ದರೆ ನೀರು ಕಮ್ಮಿ. ಕೊಕೊಪೀಟ್ ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಒಳಗೆ ಬಿಟ್ಟುಕೊಳ್ಳೋದೇ ಇಲ್ಲ, ಹಾಕಿದ ಕೂಡಲೇ ಬದಿಯಿಂದ ಹರಿದು ಹೋಗುತ್ತದೆ. ನಾವು 'ತಳದಿಂದ ನೀರು ಬಂತು, ಸಾಕು' ಅಂದುಕೊಳ್ಳುತ್ತೇವೆ. ಅಂಥ ಗಿಡದ ಬ್ಯಾಗನ್ನು ಅರ್ಧ ಗಂಟೆ ನೀರಿನ ಟಬ್ಬಿನಲ್ಲಿ ಕೂರಿಸಿ.

ಮಣ್ಣು ಒದ್ದೆಯಾಗಿದ್ದೂ ಗಿಡ ಬಾಡಿದ್ದರೆ ತೊಂದರೆ ಬೇರಿನಲ್ಲಿದೆ. ಟೊಮೆಟೊ, ಬದನೆಯಲ್ಲಿ ಎಲೆ ಹಸಿರಾಗಿರುವಾಗಲೇ ಇಡೀ ಗಿಡ ಎರಡು ಮೂರು ದಿನದಲ್ಲಿ ಕುಸಿದರೆ ಈ ಪರೀಕ್ಷೆ ಮಾಡಿ. ಬುಡದ ಹತ್ತಿರ ಕಾಂಡವನ್ನು ಮೂರು ಇಂಚು ಕತ್ತರಿಸಿ, ಗಾಜಿನ ಲೋಟದ ತಿಳಿ ನೀರಿನಲ್ಲಿ ತುದಿ ಮಾತ್ರ ಮುಳುಗುವ ಹಾಗೆ ಹಿಡಿಯಿರಿ. ಅಲುಗಾಡಿಸಬೇಡಿ. ಒಂದೆರಡು ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಹಾಲಿನಂಥ ಸಣ್ಣ ಎಳೆ ನೀರಿಗೆ ಇಳಿದರೆ ಅದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ. ನಾನು ಮೊದಲ ಸಲ ನೋಡಿದಾಗ ಊದಿನಕಡ್ಡಿ ಹೊಗೆ ತಲೆಕೆಳಗಾದ ಹಾಗೆ ಕಂಡಿತು. ಚೆಂದ ಇತ್ತು ನೋಡೋಕೆ, ಆದರೆ ಗಿಡದ ಕಥೆ ಮುಗಿದಿತ್ತು. ಇದಕ್ಕೆ ಮದ್ದಿಲ್ಲ. ಗಿಡ ಕಿತ್ತು ಕಸಕ್ಕೆ ಹಾಕಿ, ಕಾಂಪೋಸ್ಟ್ ಡಬ್ಬಕ್ಕೆ ಹಾಕಬೇಡಿ. ಆ ಮಣ್ಣಿನಲ್ಲಿ ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಮತ್ತೆ ಬೇಡ, ಸೊಪ್ಪು ಹಾಕಿ. ಮುಂದಿನ ಸಲ ಟೊಮೆಟೊ ಸಸಿ ತರುವಾಗ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಕೇಳಿ. ಸೊರಗು ರೋಗ, ಎಲೆ ಮುಟುರು ನಂಜು (ವೈರಸ್), ಬೇಗ ಬರುವ ಅಂಗಮಾರಿ (ಅರ್ಲಿ ಬ್ಲೈಟ್) ಮೂರನ್ನೂ ತಡೆಯುವ ಗುಣ ಅದಕ್ಕಿದೆ.

ಎಳೆ ಬರದಿದ್ದರೆ ಬೇರು ತೊಳೆದು ನೋಡಿ. ಬೇರೇ ಗಂಟು ಗಂಟಾಗಿ ಊದಿಕೊಂಡಿದ್ದರೆ ಬೇರುಗಂಟು ಜಂತುಹುಳು. ಬೀನ್ಸ್, ಅಲಸಂದೆಯಲ್ಲಿ ಮಾತ್ರ ಮೋಸ ಹೋಗಬೇಡಿ. ಅವುಗಳ ಬೇರಿನಲ್ಲಿ ಸಾರಜನಕ ಹಿಡಿಯುವ ಒಳ್ಳೇ ಗಂಟುಗಳೂ ಇರುತ್ತವೆ. ಅವು ಬದಿಗೆ ಅಂಟಿಕೊಂಡಿರುತ್ತವೆ, ಉಗುರಿನಲ್ಲಿ ಒತ್ತಿದರೆ ಉದುರಿ ಬರುತ್ತವೆ, ಒಳಗೆ ತಿಳಿಗೆಂಪು. ಹುಳದ ಗಂಟು ಬೇರಿನ ಭಾಗವೇ, ಕಿತ್ತರೆ ಬೇರೇ ಹರಿಯುತ್ತದೆ. ಅಂಥ ಮಣ್ಣನ್ನು ಒದ್ದೆ ಮಾಡಿ, ತೆಳುವಾಗಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ನಾಲ್ಕರಿಂದ ಆರು ವಾರ ಏಪ್ರಿಲ್ ಬಿಸಿಲಿಗೆ ಬಿಡಿ. ಕಪ್ಪು ಪ್ಲಾಸ್ಟಿಕ್ ಬೇಡ, ಅದರಲ್ಲಿ ಮಣ್ಣು ಅಷ್ಟು ಕಾಯಲ್ಲ. ಆಮೇಲೆ ಬೇವಿನ ಹಿಂಡಿ ಬೆರೆಸಿ, ಒಂದು ಬೆಳೆ ಚೆಂಡು ಹೂ ಹಾಕಿ. ಈ ಸುಡು ಬಿಸಿಲಿನಿಂದ ತೋಟಕ್ಕೆ ಆಗುವ ಒಂದೇ ಒಂದು ಉಪಕಾರ ಇದು.

ಬಿಸಿಲಿನ ಮಾತು ಬಂತಲ್ಲ. ಏಪ್ರಿಲ್ 24ರ ಆಸುಪಾಸು ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ. ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಜನವರಿಯಲ್ಲಿ ಪ್ಯಾರಾಪೆಟ್ ಗೋಡೆಯ ನೆರಳಲ್ಲಿ ಸುಖವಾಗಿದ್ದ ಕುಂಡಕ್ಕೆ ಈಗ ಆ ನೆರಳೇ ಇಲ್ಲ. 'ಜಾಗ ಬದಲಾಯಿಸಿಲ್ಲ, ಆದ್ರೂ ಯಾಕೆ ಸುಡುತ್ತಿದೆ' ಅನ್ನುವವರಿಗೆ ಇದೇ ಉತ್ತರ. 2016ರ ಏಪ್ರಿಲ್ 24ರಂದು ನಗರದಲ್ಲಿ 39.2 ಡಿಗ್ರಿ ದಾಖಲಾಗಿತ್ತು. 2024ರ ಏಪ್ರಿಲ್ 28ಕ್ಕೆ 38.5. ಇದು ನೆರಳಿನಲ್ಲಿ ಅಳೆದ ಲೆಕ್ಕ, ಕಾಂಕ್ರೀಟಿನ ಮೇಲೆ ಬರಿಗಾಲಲ್ಲಿ ನಿಂತರೆ ಗೊತ್ತಾಗುತ್ತದೆ ಬೇರಿನ ಪಾಡು. ಬ್ಯಾಗುಗಳನ್ನು ಇಟ್ಟಿಗೆ ಮೇಲೆ ಎತ್ತಿಡಿ. ಹನ್ನೊಂದರಿಂದ ನಾಲ್ಕರವರೆಗೆ 50 ಪರ್ಸೆಂಟ್ ಶೇಡ್ ನೆಟ್, ಇಲ್ಲದಿದ್ದರೆ ಹಳೇ ಕಾಟನ್ ಸೀರೆ. ನಮ್ಮಲ್ಲಿ ಸೀರೆಯೇ.

ಮೆಣಸಿನ ಗಿಡ ಮುಟುರಿಕೊಂಡರೆ

ಇಲ್ಲಿ ಅರ್ಧ ಗೊಂದಲಕ್ಕೆ ಭಾಷೆಯೇ ಕಾರಣ. ನಮ್ಮಲ್ಲಿ ಥ್ರಿಪ್ಸ್‌ಗೂ ನುಸಿ ಅನ್ನುತ್ತಾರೆ, ಮೈಟ್‌ಗೂ ನುಸಿ ಅನ್ನುತ್ತಾರೆ. ಅಂಗಡಿಯಲ್ಲಿ 'ಮೆಣಸಿಗೆ ನುಸಿ ಬಂದಿದೆ' ಅಂದರೆ ಯಾವುದಕ್ಕೋ ಔಷಧಿ ಕೊಟ್ಟು ಕಳಿಸುತ್ತಾರೆ. ಥ್ರಿಪ್ಸ್ ಒಂದು ಕೀಟ. ಮೈಟ್ ಜೇಡದ ಜಾತಿ. ಕೀಟಕ್ಕೆ ಹೊಡೆಯುವ ಎಷ್ಟೋ ಔಷಧಿ ಮೈಟ್‌ಗೆ ತಾಗೋದೇ ಇಲ್ಲ. ಅದನ್ನು ತಿನ್ನುವ ಒಳ್ಳೇ ಹುಳಗಳು ಸತ್ತು, ಅದಕ್ಕೇ ಹಬ್ಬವಾಗುತ್ತದೆ.

ಹಾಗಾಗಿ ಎಲೆಯನ್ನೇ ಕೇಳಿ. ಅಂಚುಗಳು ಮೇಲಕ್ಕೆ ಮಡಚಿ ಎಲೆ ದೋಣಿಯ ಹಾಗೆ ಆಗಿದ್ದರೆ ಥ್ರಿಪ್ಸ್. ಅಂಚು ಕೆಳಕ್ಕೆ ಬಾಗಿ, ಬೋರಲು ಹಾಕಿದ ಚಮಚದ ಹಾಗೆ ಆಗಿ, ಎಲೆಯ ತೊಟ್ಟು ಉದ್ದವಾಗಿ ಎಳೆದುಕೊಂಡಿದ್ದರೆ ಮೈಟ್. ಖಾತ್ರಿ ಮಾಡಿಕೊಳ್ಳಲು ತುದಿ ಕೊಂಬೆಯ ಕೆಳಗೆ ಬಿಳಿ ಕಾಗದ ಹಿಡಿದು ನಾಲ್ಕು ಸಲ ತಟ್ಟಿ. ಅರ್ಧ ನಿಮಿಷ ಕಾಯಿರಿ. ಮೊದಲು ಬರೀ ಧೂಳು ಅನ್ನಿಸುತ್ತದೆ. ಆ ಧೂಳಿನಲ್ಲಿ ಒಂದೆರಡು ಕಣ ಎದ್ದು ನಡೆಯೋಕೆ ಶುರು ಮಾಡುತ್ತವೆ. ತಿಳಿಹಳದಿ, ರಾಗಿ ಕಾಳಿಗಿಂತ ಚಿಕ್ಕದು, ಕತ್ತರಿಸಿದ ದಾರದ ತುಣುಕಿನ ಹಾಗೆ ಉದ್ದಕ್ಕೆ. ಅದು ಥ್ರಿಪ್ಸ್. ಏನೂ ನಡೆಯದೆ, ಎಲೆ ಮಾತ್ರ ಕೆಳಕ್ಕೆ ಬಾಗಿದ್ದರೆ ಮೈಟ್. ಮೆಣಸಿಗೆ ಬರುವ ಹಳದಿ ಮೈಟ್ ಬರಿಗಣ್ಣಿಗೆ ಕಾಣಲ್ಲ, 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಬೇಕು.

ಥ್ರಿಪ್ಸ್ ಆದರೆ ಬೇವಿನೆಣ್ಣೆ ಕೆಲಸ ಮಾಡುತ್ತದೆ. ಲೀಟರಿಗೆ 5 ಎಂಎಲ್ ಸಾಕು. ಮೊದಲು ಸ್ವಲ್ಪ ಉಗುರುಬೆಚ್ಚಗಿನ ನೀರಿಗೆ ಸೋಪಿನ ದ್ರಾವಣ ಹಾಕಿ, ಅದಕ್ಕೆ ಎಣ್ಣೆ ಸೇರಿಸಿ, ಹಾಲಿನ ಹಾಗೆ ಆಗುವ ತನಕ ಕಲಕಿ, ಆಮೇಲೆ ಉಳಿದ ನೀರು. ನೇರವಾಗಿ ನೀರಿಗೆ ಸುರಿದರೆ ಎಣ್ಣೆ ಮೇಲೆ ತೇಲುತ್ತದೆ, ಕೊನೆಯ ಗಿಡಕ್ಕೆ ಬರೀ ಎಣ್ಣೆ ಬೀಳುತ್ತದೆ. ಸೂರ್ಯ ಮುಳುಗಿದ ಮೇಲೆ, ಎಲೆಯ ಹಿಂಭಾಗಕ್ಕೆ, ಐದಾರು ದಿನಕ್ಕೊಮ್ಮೆ. ಜೊತೆಗೆ ನೀಲಿ ಅಂಟು ಹಾಳೆ. ಹಳದಿ ಹಾಳೆ ಬಿಳಿ ನೊಣಕ್ಕೆ ವಾಸಿ.

ಮೈಟ್ ಆದರೆ ನೀರಿನಲ್ಲಿ ಕಲಸುವ ಗಂಧಕ, ಲೀಟರಿಗೆ 2 ಗ್ರಾಂ. ಇಲ್ಲೊಂದು ಎಚ್ಚರಿಕೆ. ಬೇವಿನೆಣ್ಣೆ ಹೊಡೆದು ಎರಡು ವಾರ ಆಗದೆ ಗಂಧಕ ಹೊಡೆಯಬೇಡಿ, ಎರಡೂ ಸೇರಿದರೆ ಎಲೆ ಸುಡುತ್ತದೆ. ಸುಡು ಬಿಸಿಲಿನ ದಿನವೂ ಬೇಡ. ಮೊದಲು ಒಂದು ಕೊಂಬೆಗೆ ಹೊಡೆದು ಎರಡು ದಿನ ನೋಡಿ. ನಾನು ಆತುರಪಟ್ಟು ಒಂದು ಒಳ್ಳೇ ಗಿಡವನ್ನು ಬೋಳು ಮಾಡಿದ್ದೇನೆ.

ಇನ್ನೊಂದು ಸಾಧ್ಯತೆ ನಂಜು ರೋಗ. ಎಲೆಗಳು ಚಿಕ್ಕದಾಗಿ, ಸುಕ್ಕಾಗಿ, ಗೊಂಚಲಿನ ಹಾಗೆ ಒಂದೇ ಕಡೆ ಗುಂಪು ಕಟ್ಟಿರುತ್ತವೆ. ಗೊತ್ತಾಗದಿದ್ದರೆ ತುದಿಯನ್ನು ಮೂರು ಇಂಚು ಕತ್ತರಿಸಿ, ಮೇಲಿನ ಚಿಕಿತ್ಸೆ ಕೊಟ್ಟು ಮೂರು ವಾರ ಕಾಯಿರಿ. ಹೊಸ ಚಿಗುರು ನೆಟ್ಟಗೆ ಬಂದರೆ ನುಸಿಯೇ ಇದ್ದದ್ದು. ಮತ್ತೆ ಅದೇ ಮುಟುರು ಬಂದರೆ ನಂಜು. ಆಗ ಮಮಕಾರ ಬೇಡ, ಕಿತ್ತುಬಿಡಿ. ಬಿಳಿ ನೊಣ ಅಲ್ಲಿಂದ ಪಕ್ಕದ ಗಿಡಕ್ಕೆ ಹೊತ್ತೊಯ್ಯುತ್ತದೆ. ಬೆಂಡೆ ಎಲೆಯಲ್ಲಿ ನರಗಳೆಲ್ಲ ಹಳದಿ ಬಲೆಯ ಹಾಗೆ ಕಂಡರೂ ಇದೇ ಮಾತು.

ಹೂ ಬಿಡುತ್ತದೆ, ಕಾಯಿ ಕಚ್ಚಲ್ಲ

ಟೊಮೆಟೊ ಹೂ ತೊಟ್ಟಿನ ಮಧ್ಯದ ಗೆಣ್ಣಿನಲ್ಲಿ ಮುರಿದು ಉದುರುತ್ತಿದ್ದರೆ, ಅದೂ ಏಪ್ರಿಲ್‌ನಲ್ಲಿ, ಕಾರಣ ಸೆಕೆ. ಹಗಲು 35 ದಾಟಿ, ರಾತ್ರಿಯೂ 22–23ಕ್ಕಿಂತ ಇಳಿಯದಿದ್ದರೆ ಪರಾಗ ಕೆಟ್ಟು ಹೋಗುತ್ತದೆ. ಕಾಂಕ್ರೀಟು ಹಗಲಿನ ಕಾವನ್ನು ರಾತ್ರಿ ಹೊರಗೆ ಬಿಡುವುದರಿಂದ ತಾರಸಿಯಲ್ಲಿ ಇದು ಇನ್ನೂ ಜಾಸ್ತಿ. ಗೊಬ್ಬರ ಕೊಟ್ಟರೆ ಎಲೆ ಮಾತ್ರ ಬರುತ್ತದೆ. ಸಸಿಯನ್ನು ನವೆಂಬರ್‌ನಲ್ಲೇ ನೆಟ್ಟು, ಫೆಬ್ರವರಿ ಮುಗಿಯುವ ಹೊತ್ತಿಗೆ ಕಾಯಿ ಕಟ್ಟಿಸಿಕೊಳ್ಳೋದು ಜಾಣತನ. ಯುಗಾದಿ ಆದಮೇಲೆ ಟೊಮೆಟೊ ಗಿಡವನ್ನು ಸುಮ್ನೆ ಜೀವ ಹಿಡಿದುಕೊಂಡಿರಲು ಬಿಡಿ.

ಸೋರೆ, ಹೀರೆಯ ಕಥೆ ಬೇರೆ. ಇವುಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಮೊದಲ ಎರಡು ವಾರ ಬರುವ ಹೂಗಳೆಲ್ಲ ಗಂಡು, ತೆಳ್ಳಗಿನ ತೊಟ್ಟಿನ ಮೇಲೆ. ಅವು ಉದುರಲೇಬೇಕು. ಹೆಣ್ಣು ಹೂವಿನ ಹಿಂದೆ ಬೆರಳುದ್ದದ ಹೀಚು ಇರುತ್ತದೆ. ಆ ಹೀಚು ಮೂರು ನಾಲ್ಕು ದಿನದಲ್ಲಿ ತುದಿಯಿಂದ ಹಳದಿಯಾಗಿ ಸುಕ್ಕಿದರೆ ಪರಾಗಸ್ಪರ್ಶ ಆಗಿಲ್ಲ. ಹೀಚಿನ ಮೇಲೆ ಸೂಜಿ ಚುಚ್ಚಿದಂಥ ಗುರುತು, ಅದರಿಂದ ಅಂಟು ಒಸರಿ ಕಂದಾಗಿದ್ದರೆ ಹಣ್ಣು ನೊಣ. ಎರಡಕ್ಕೂ ಮದ್ದು ಬೇರೆ ಬೇರೆ, ನೋಡೋಕೆ ಮಾತ್ರ ದೂರದಿಂದ ಎರಡೂ ಒಂದೇ ಥರ.

ಹಣ್ಣು ನೊಣಕ್ಕೆ ಬಲೆ ಡಬ್ಬ ತರುವಾಗ ಕ್ಯೂ ಲ್ಯೂರ್ ಕೇಳಿ, ಸೋರೆ, ಹೀರೆಯ ನೊಣವನ್ನು ಡಬ್ಬಕ್ಕೆ ಸೆಳೆಯುವ ವಾಸನೆ ಅದು. ಮೀಥೈಲ್ ಯುಜಿನಾಲ್ ಇರುವುದು ಮಾವು, ಸೀಬೆಯ ನೊಣಕ್ಕೆ. ನನಗೆ ಒಂದು ಅಂಗಡಿಯಲ್ಲಿ ಮಾವಿನದನ್ನೇ ಕೊಟ್ಟು ಕಳಿಸಿದ್ದರು. ತಿಂಗಳು ಪೂರ್ತಿ ಡಬ್ಬದಲ್ಲಿ ನೊಣ ಬೀಳುತ್ತಿತ್ತು, ಹೀರೆಕಾಯಿ ಮಾತ್ರ ಕೊಳೆಯುತ್ತಲೇ ಇತ್ತು. ಬೀದಿಯ ಮಾವಿನ ಮರಕ್ಕೆ ನನ್ನಿಂದ ಸೇವೆ. ಈಗ ಡಬ್ಬದ ಜೊತೆಗೆ ಹೀಚು ಹೆಬ್ಬೆರಳು ದಪ್ಪ ಆದ ಕೂಡಲೇ ನ್ಯೂಸ್‌ಪೇಪರ್ ಸುತ್ತುತ್ತೇನೆ.

ಪರಾಗಸ್ಪರ್ಶದ ಸಮಸ್ಯೆಗೆ ಗಡಿಯಾರ ನೋಡಬೇಕು. ಕುಂಬಳ, ಸೌತೆ, ಹಾಗಲ ಬೆಳಗ್ಗೆ ಅರಳುತ್ತವೆ, ಜೇನು ಬಂದು ಕೆಲಸ ಮುಗಿಸುತ್ತದೆ. ಸೋರೆಯ ಬಿಳಿ ಹೂ ಅರಳುವುದು ದೀಪ ಹಚ್ಚುವ ಹೊತ್ತಿಗೆ, ಹೀರೆಯೂ ಸಂಜೆಯೇ. ಮೂರನೇ ಮಹಡಿಗೆ ಆ ಹೊತ್ತಿನಲ್ಲಿ ಪತಂಗ ಎಲ್ಲಿಂದ ಬರಬೇಕು? ನಾವೇ ಮಾಡಬೇಕು. ಆಗ ತಾನೇ ಅರಳಿದ ಗಂಡು ಹೂ ಕಿತ್ತು, ದಳಗಳನ್ನು ಹಿಂದಕ್ಕೆ ಮಡಚಿ, ನಡುವಿನ ಪುಡಿಯನ್ನು ಹೆಣ್ಣು ಹೂವಿನ ಮಧ್ಯಕ್ಕೆ ಮೆಲ್ಲಗೆ ಸವರಿ. ಮಧ್ಯದಲ್ಲಿ ಮೂರು ಉಬ್ಬು ಇರುತ್ತವೆ, ಮೂರಕ್ಕೂ ತಾಗಲಿ. ಒಂದೇ ಕಡೆ ತಾಗಿದರೆ ಕಾಯಿ ಸೊಟ್ಟಗೆ ಬೆಳೆಯುತ್ತದೆ.

ಬೆಳಗ್ಗೆ ಎಂಟಕ್ಕೆ ಹೋಗಿ ಮುದುಡಿದ ಹೂ ಹಿಡಿದುಕೊಂಡು ಎರಡು ವಾರ ಒದ್ದಾಡಿದ ಮೇಲೆ ನನಗಿದು ಗೊತ್ತಾಗಿದ್ದು. ಏಪ್ರಿಲ್‌ನ ಒಂದು ರಾತ್ರಿ ಏಳೂಕಾಲಿಗೆ ಟಾರ್ಚ್ ಹಿಡಿದು ಬಳ್ಳಿಯೊಳಗೆ ತಲೆ ತೂರಿಸಿದ್ದಾಗ ಪಕ್ಕದ ತಾರಸಿಯಿಂದ, "ಏನ್ ಮೇಡಂ, ಏನಾದ್ರೂ ಬಿದ್ದೋಯ್ತಾ?" ಅಂತ ಕೇಳಿದರು. ಇಲ್ಲ, ಸೋರೆಕಾಯಿಗೆ ಮದುವೆ ಅಂದೆ. ಅವರು ಒಳಗೆ ಹೋಗಿಬಿಟ್ಟರು. ಮರುದಿನ ಹೂ ಬಾಡಿತು, ಹೀಚು ಬಾಡಲಿಲ್ಲ. ಐದನೇ ದಿನ ಅದರ ಕುತ್ತಿಗೆ ಕೆಳಕ್ಕೆ ಬಾಗಿತು, ನುಣುಪಾದ ರೋಮ ಹೊಳೆಯುತ್ತಿತ್ತು. ಎರಡು ವಾರಕ್ಕೆ ಮೊಳಕೈ ಉದ್ದ. ಅರ್ಧವನ್ನು ಪಕ್ಕದ ಮನೆಗೇ ಕೊಟ್ಟೆ.

ಟೊಮೆಟೊ ಕಾಯಿಯ ತಳ ಕಪ್ಪಾದರೆ

ಹೂ ಉದುರಿದ ಕಡೆ, ಅಂದರೆ ಕಾಯಿಯ ತಳದಲ್ಲಿ, ರೂಪಾಯಿ ನಾಣ್ಯದಷ್ಟು ಕಪ್ಪು ಚರ್ಮದಂಥ ಮಚ್ಚೆ. ಮುಟ್ಟಿದರೆ ಒಣಗಿರುತ್ತದೆ, ಮೆತ್ತಗಿರಲ್ಲ. ಇದು ಸೋಂಕಲ್ಲ. ಕ್ಯಾಲ್ಸಿಯಂ ನೀರಿನ ಜೊತೆ ಮಾತ್ರ ಕಾಯಿಗೆ ತಲುಪುತ್ತದೆ. ಒಂದು ದಿನ ಒಣಗಿಸಿ ಮರುದಿನ ಮುಳುಗಿಸಿದರೆ ಕಾಯಿಯ ತುದಿಗೆ ಅದು ತಲುಪಲ್ಲ. ಎಲ್ಲರೂ ಮೊಟ್ಟೆ ಚಿಪ್ಪು ಪುಡಿ ಹಾಕಿ ಅನ್ನುತ್ತಾರೆ. ಆ ಪುಡಿ ಮಣ್ಣಿನಲ್ಲಿ ಕರಗೋಕೆ ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ಗಿಡವೇ ಮುಗಿದಿರುತ್ತದೆ. ಗಡಸು ನೀರು ಹಾಕುವವರ ಮಣ್ಣಿನಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂಗೆ ಬರವಿರಲ್ಲ. ಬರ ಇರುವುದು ಸಮನಾದ ತೇವಕ್ಕೆ. ಉಪ್ಪು ನೀರು ಇದನ್ನೂ ಕೆಡಿಸುತ್ತದೆ. ಬೆಳಗ್ಗೆ ಸಂಜೆ ಸ್ವಲ್ಪ ಸ್ವಲ್ಪ ನೀರು, 20 ಲೀಟರಿನ ಪೇಂಟ್ ಡಬ್ಬಕ್ಕಿಂತ ಚಿಕ್ಕದರಲ್ಲಿ ಟೊಮೆಟೊ ಬೇಡ, ಮಣ್ಣಿನ ಮೇಲೆ ಎರಡು ಇಂಚು ಒಣ ಎಲೆ ಇಲ್ಲವೇ ಕಬ್ಬಿನ ಸೋಗೆ. ಕಪ್ಪಾದ ಕಾಯಿ ಕಿತ್ತು, ಮಚ್ಚೆ ತೆಗೆದು, ಉಳಿದದ್ದನ್ನು ಗೊಜ್ಜಿಗೆ ಹಾಕಿ.

ಚಿಲ್ಲರೆ ತೊಂದರೆಗಳು

ಎಲೆ ಮೇಲೆ ಬಿಳಿ ಗೆರೆ ಎಳೆದ ಹಾಗಿದ್ದರೆ ರಂಗೋಲಿ ಹುಳ. ನೋಡೋಕೆ ಭಯ, ಹಾನಿ ಕಮ್ಮಿ. ಆ ಎಲೆ ಕಿತ್ತುಹಾಕಿ. ದಾಸವಾಳದಿಂದ ಬದನೆಗೆ ಹಿಟ್ಟು ತಿಗಣೆ ಬಂದರೆ ಮೊದಲು ಇರುವೆ ಸಾಲು ಹುಡುಕಿ. ಅದರ ಸಿಹಿ ಅಂಟಿಗೆ ಮರುಳಾಗಿ ಶತ್ರುಗಳಿಂದ ಕಾಯುವುದು, ಹೊತ್ತು ಹರಡುವುದು ಇರುವೆಯೇ. ಕೊತ್ತಂಬರಿ ಮೊಳಕೆ ಬರದಿದ್ದರೆ ಧನಿಯಾ ಕಾಳನ್ನು ಉಜ್ಜಿ ಎರಡು ಹೋಳು ಮಾಡಿದಿರಾ? ಮಾಡಿದ್ದೂ ಬರದಿದ್ದರೆ, ಅಥವಾ ಗೇಣುದ್ದ ಬರುವ ಮೊದಲೇ ಹೂ ಬಿಟ್ಟರೆ, ಸೆಕೆ ಜಾಸ್ತಿ. ಏಪ್ರಿಲ್‌ನಲ್ಲಿ ಕೊತ್ತಂಬರಿ ಅಂಗಡಿಯಿಂದ ತರುವುದೇ ಸುಖ. ಬದಲಿಗೆ ದಂಟು, ಹರಿವೆ ಹಾಕಿ, ಬಿಸಿಲಿಗೆ ನಗುತ್ತವೆ.

ಬದನೆ ಕಾಯಿ ಕೊರಕದ ಮುಂದೆ ನಾನು ಸೋತಿದ್ದೇನೆ. ತುದಿ ಚಿಗುರು ಬಾಡಿ ಬಗ್ಗಿದ ಕೂಡಲೇ ಕತ್ತರಿಸಿ, ಒಳಗಿನ ಹುಳವನ್ನು ಹಿಸುಕಿ ಹಾಕುತ್ತೇನೆ. ಆದರೂ ಮೂರರಲ್ಲಿ ಒಂದು ಕಾಯಿ ಅದರ ಪಾಲು. ಎಣ್ಣೆಗಾಯಿ ಮಾಡುವಾಗ ಒಂದೊಂದನ್ನೂ ಸೀಳಿ ಬೆಳಕಿಗೆ ಹಿಡಿದು ನೋಡುವುದು ಅಭ್ಯಾಸವಾಗಿಬಿಟ್ಟಿದೆ.

ಆ ವರ್ಷ ಏಪ್ರಿಲ್ ಪೂರ್ತಿ ಮಳೆಯ ಸುಳಿವಿರಲಿಲ್ಲ. ಮೇ ಮೊದಲ ವಾರ, ಭರಣಿ ಮಳೆ, ಗುಡುಗಿನ ಸಮೇತ ಸುರಿಯಿತು. ಸೀರೆ ತೆಗೆದು ಕುಂಡಗಳನ್ನೆಲ್ಲ ಬಯಲಿಗೆ ಎಳೆದೆ. ಬೀನ್ಸ್ ಕುಂಡದ ತಳದಿಂದ ಟೀ ಬಣ್ಣದ ನೀರು ಇಳಿಯುತ್ತಿತ್ತು. ಮೀಟರ್ ಅದ್ದಿದರೆ 2,140. ಇನ್ನೆರಡು ಮಳೆ ಆದ ಮೇಲೆ ಅದೇ ಕುಂಡದ ನೀರು 590ಕ್ಕೆ ಬಂತು. ಅವತ್ತೇ ಸಂಜೆ ಖಾಲಿಯಾಗಿದ್ದ ಎರಡು ಕುಂಡಕ್ಕೂ ಬೀನ್ಸ್ ಬೀಜ ಊರಿದೆ. ಜುಲೈ ಮೊದಲ ವಾರ ಮುಕ್ಕಾಲು ಕೆಜಿ ಸಿಕ್ಕಿತು. ಅತ್ತೆಗೆ ಫೋನ್ ಮಾಡಿ ಹೇಳಿದೆ. "ಅದಿರ್ಲಿ, ಆ ಮಿಷಿನ್ ನೀರು ಈಗ ಎಲ್ಲಿಗೆ ಬಿಡ್ತಿದ್ದೀಯ?" ಅಂತ ಕೇಳಿದರು.